ಗಾಜಿಗೆ ಬಾರದ ನೀರು

ಪರೀಕ್ಷೆ ಹನ್ನೊಂದಕ್ಕೆ. ಎಂಟೂಕಾಲಿಗೆ ನಮ್ಮತ್ತೆ ಕಾರಿನಲ್ಲಿ ಕೂತು ಸ್ಟೀರಿಂಗ್ ಪಕ್ಕದ ಕಡ್ಡಿ ಎಳೆದರು. ವೈಪರ್ ಒಣಗಾಜಿನ ಮೇಲೆ ಕಿರ್ರೆಂದು ಎರಡು ಸಲ ಓಡಾಡಿತು. ನೀರು ಮಾತ್ರ ಒಂದು ಹನಿಯೂ ಚಿಮ್ಮಲಿಲ್ಲ.

"ನಿನ್ನೆ ಬರ್ತಿತ್ತಲ್ಲೇ?" ಎಂದು ನನ್ನನ್ನು ಕೇಳಿದರು, ಅಷ್ಟನ್ನೂ ನಾನೇ ಕುಡಿದುಬಿಟ್ಟೆನೇನೋ ಎಂಬಂತೆ.

ಅತ್ತೆಯ ಡ್ರೈವಿಂಗ್ ಪರೀಕ್ಷೆಗೆ ನಮ್ಮದೇ ಕಾರು ಒಯ್ಯಬೇಕು. ಪರೀಕ್ಷಕರು ಹತ್ತುವ ಮೊದಲು ಹಾರ್ನ್, ದೀಪ, ಗಾಜಿಗೆ ನೀರು, ಎಲ್ಲವನ್ನೂ ಮಾಡಿ ತೋರಿಸಬೇಕು. ಒಂದು ಕೈಕೊಟ್ಟರೂ ಬಂದ ದಾರಿಗೆ ಸುಂಕವಿಲ್ಲ. ಮತ್ತೆ ದಿನ ಸಿಗುವುದು ಎರಡೂವರೆ ತಿಂಗಳ ನಂತರ. ನನ್ನ ಹೆರಿಗೆಗೆ ಉಳಿದಿದ್ದು ಐದು ವಾರ.

ಹೋದ ಸಲ ನೋವು ಬಂದಾಗ ಕರೆದ ಬಾಡಿಗೆ ಕಾರು ಬರಲೇ ಇಲ್ಲ. ನನ್ನ ಗಂಡ ಆಗಲೂ ಈಗಿನಂತೆ ಹಡಗಿನ ಕೆಲಸದಲ್ಲಿ, ಸಮುದ್ರದ ನಡುವೆ. ಅವರ ಈ ಕಾರು ಮನೆಯ ಮುಂದೆಯೇ ನಿಂತಿತ್ತು, ಓಡಿಸುವವರು ಇರಲಿಲ್ಲ. ಅತ್ತೆ ನಡುರಸ್ತೆಯಲ್ಲಿ ನಿಂತು ಬಂದ ಬಂದ ಗಾಡಿಗೆಲ್ಲ ಕೈ ಅಡ್ಡ ಹಾಕಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಮಗು ಉಳಿಯಲಿಲ್ಲ. ನಾನು ಮತ್ತೆ ಬಸುರಿ ಎಂದು ಗೊತ್ತಾದ ಮರುದಿನ, ಅರವತ್ತೊಂದು ವರ್ಷದ ಅತ್ತೆ ಡ್ರೈವಿಂಗ್ ಶಾಲೆಗೆ ಹೆಸರು ಬರೆಸಿ ಬಂದರು.

ಎರಡು ದಿನದ ರಜೆಗೆ ಬಂದಿದ್ದ ಮೈದುನ ಹಲ್ಲುಜ್ಜುತ್ತಲೇ ಹೊರಗೆ ಬಂದ. ಅವನು ದೂರದೂರಿನ ಬ್ಯಾಂಕಿನಲ್ಲಿ ಮ್ಯಾನೇಜರು, ಹಾಗಾಗಿ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ.

"ತೂತು ಕಟ್ಕೊಂಡಿದೆ ಅಷ್ಟೇ. ಅತ್ತಿಗೆ, ಒಂದು ಪಿನ್ ಕೊಡಿ."

ಬಾನೆಟ್ ಮೇಲೆ ನೀರು ಚಿಮ್ಮುವ ಎರಡೂ ತೂತುಗಳಿಗೆ ಪಿನ್ ತುರುಕಿ ತಿರುವಿದ. ಬಾಯಿಟ್ಟು ಊದಿದ. ಬಾನೆಟ್ಟಿಗೆ ಎರಡು ಗುದ್ದಿದ. ಕಾಲು ಗಂಟೆ ಹೀಗೇ ಹಾಳಾಯಿತು. ನನಗೆ ಮೈಯೆಲ್ಲ ಉರಿಯತೊಡಗಿತು.

"ಸರಿಯೋ ಆ ಕಡೆ," ಎಂದರು ಅತ್ತೆ. "ಹೊಲಿಗೆ ಮೆಷಿನ್ನಲ್ಲಿ ದಾರ ಬರ್ತಿಲ್ಲ ಅಂದ್ರೆ ಎಲ್ರೂ ಹೋಗಿ ಸೂಜಿನೇ ಗುರಾಯಿಸ್ತಾರೆ. ರೀಲಿಂದ ಶುರು ಮಾಡ್ಬೇಕು."

ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು ಅವರು. ದಾರ ರೀಲಿನಿಂದ ಹೊರಟು ಎಲ್ಲೆಲ್ಲಿ ಹಾದು ಸೂಜಿಗೆ ಬರುತ್ತದೋ ಆ ದಾರಿಯನ್ನೆಲ್ಲ ಬೆರಳಿನಲ್ಲಿ ಸವರಿಕೊಂಡು ಹೋಗುವುದು ಅವರ ಕ್ರಮ.

ಬಾನೆಟ್ ಎತ್ತಿದರು. ನೀರಿನ ಡಬ್ಬಿ ತುಂಬಿತ್ತು. "ರೀಲು ಸರಿಯಿದೆ. ನೀನು ಒಳಗೆ ಕೂತು ಕಡ್ಡಿ ಎಳಿ." ಸ್ಟೀರಿಂಗಿಗೆ ಹೊಟ್ಟೆ ತಾಗಿಸಿಕೊಂಡು ನಾನು ಎಳೆದೆ. ಅವರು ಡಬ್ಬಿಯ ಬುಡದ ಪುಟ್ಟ ಮೋಟಾರಿಗೆ ಬೆರಳು ಒತ್ತಿದರು.

"ಗುಂಯ್ ಅಂತಿದೆ. ಇದೂ ಬದುಕಿದೆ."

ಅಲ್ಲಿಂದ ಕಪ್ಪು ಪೈಪನ್ನು ಸವರುತ್ತ ಬಂದರು. ಬಾನೆಟ್ಟಿನ ಕೀಲಿನ ಬಳಿ ಬೆರಳು ನಿಂತಿತು. ಪೈಪಿನ ತುದಿ ಒಣಗಿ, ಸೀಳಿ, ಪ್ಲಾಸ್ಟಿಕ್ ಜೋಡಣೆಯಿಂದ ಕಳಚಿಕೊಂಡಿತ್ತು. ಗಾಜಿಗೆ ಹೋಗಬೇಕಾದ ನೀರು ಎಂಜಿನ್ನಿನ ಪಕ್ಕ ಸುರಿದು ನೆಲ ಒದ್ದೆಯಾಗಿತ್ತು.

"ಪಿನ್ನು ಜೋಪಾನವಾಗಿ ಇಟ್ಕೋ," ಎಂದರು ಮಗನಿಗೆ.

"ಅಂಗಡಿ ತೆಗೆಯೋದೇ ಹತ್ತಕ್ಕಮ್ಮ. ಹೊಸ ಪೈಪ್ ಎಲ್ಲಿಂದ ತರ್ತೀಯ?"

"ಯಾರಿಗೆ ಬೇಕು ಹೊಸದು? ನನ್ನ ಕತ್ತರಿ ತಾ. ಒಂದು ಲೋಟ ಬಿಸಿನೀರೂ ತಾ."

ಸೀಳಿದ ತುದಿಯನ್ನು ಎರಡು ಬೆರಳಗಲ ಕತ್ತರಿಸಿದರು. ಉಳಿದ ತುದಿಯನ್ನು ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಎಳೆದು ಸಿಕ್ಕಿಸಿದರು. ಬಾನೆಟ್ ಮುಚ್ಚಿದ ಮೇಲೆ ನಾನು ಕಡ್ಡಿ ಎಳೆದೆ. ನೀರು ಚಿಮ್ಮಿ, ಗಾಜಿನ ಮೇಲೆ ಬಗ್ಗಿದ್ದ ಮೈದುನನ ಮುಖ ತೊಳೆಯಿತು. ಆ ಬೆಳಿಗ್ಗೆ ಅವನಿಂದ ನನಗಾದ ಉಪಕಾರ ಅದೊಂದೇ, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಲೈಸೆನ್ಸಿದ್ದ ಮೈದುನನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅತ್ತೆಯೇ ಓಡಿಸಿದರು. ಪರೀಕ್ಷೆಯ ಮೈದಾನದಲ್ಲಿ ನಮ್ಮ ಮುಂದೆ ನಾಲ್ಕು ಕಾರುಗಳಿದ್ದವು. ಅತ್ತೆ ಯಾವುದಕ್ಕೂ ಇರಲಿ ಎಂದು ಇನ್ನೊಮ್ಮೆ ಕಡ್ಡಿ ಎಳೆದರು. ಬರೀ ವೈಪರ್ ಓಡಾಡಿತು. ಹಿಂದಿನ ಸೀಟಿನಿಂದ ನಾನು ಕತ್ತು ಚಾಚಿ ನೋಡಿದೆ, ಗಾಜು ಒಣಗಿಯೇ ಇತ್ತು. ಮತ್ತೆ ಅದೇ ರಸ್ತೆ, ಅದೇ ಕಾಯುವುದು ಕಣ್ಣಿಗೆ ಕಟ್ಟಿ ಅಳು ಬಂದುಬಿಟ್ಟಿತು.

"ಬಿಡಿ ಅತ್ತೆ. ನಮ್ಮ ಹಣೆಬರಹವೇ ಇಷ್ಟು."

"ಹಣೆಬರಹ ಅಲ್ಲ ಕಣೇ, ನನ್ನ ಕೈಬರಹ. ನಾನೇ ಕತ್ತರಿಸಿ ಪೈಪ್ ಗಿಡ್ಡ ಮಾಡಿದೆ. ಬಿಗಿಯಾಗಿ ಎಳೆದು ಸಿಕ್ಕಿಸಿದ್ದು ಕುಲುಕಾಟಕ್ಕೆ ಜಾರಿದೆ. ಅಳ್ಬೇಡ, ನನ್ನ ಚೀಲ ಕೊಡು."

ಇಳಿದು ಬಾನೆಟ್ ಎತ್ತಿದರು. ಪೈಪನ್ನು ಹಿಡಿದಿದ್ದ ಒಂದು ಕ್ಲಿಪ್ಪು ಬಿಚ್ಚಿದರೆ ನಾಲ್ಕು ಬೆರಳು ಸಡಿಲ ಸಿಕ್ಕಿತು. ಕೊನೆಯವರೆಗೂ ಒತ್ತಿ ಕೂರಿಸಿದರು. ಚೀಲದಿಂದ ಗುಂಡಿ ಹೊಲಿಯುವ ದಪ್ಪ ದಾರ ತೆಗೆದು, ಜೋಡಣೆಯ ಮೇಲೆ ಬಿಗಿಯಾಗಿ ಸುತ್ತತೊಡಗಿದರು. ಮುಂದೆ ಎರಡು ಕಾರು ಉಳಿದವು. ಆಮೇಲೆ ಒಂದು. ಹಿಂದಿನ ಕಾರಿನವನು ಹಾರ್ನ್ ಹೊಡೆದ. "ಬಾಯ್ಮುಚ್ಕೊಂಡು ಕೂತಿರಪ್ಪ!" ಎಂದು ನಾನು ಕಿಟಕಿಯಿಂದ ಕೂಗಿದೆ. ಅತ್ತೆ ತಲೆ ಎತ್ತಲಿಲ್ಲ. ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿಯುವ ಹೊತ್ತಿಗೆ ಪರೀಕ್ಷಕರು ಬಂದು ನಿಂತಿದ್ದರು.

"ಏನಮ್ಮ, ಗಾಡಿ ಕೆಟ್ಟಿದೆಯಾ?"

"ಕೆಟ್ಟಿತ್ತು ಸಾರ್, ಈಗಿಲ್ಲ. ನೋಡಿ."

ನೀರು ಗಾಜಿನ ತುಂಬ ಚಿಮ್ಮಿತು. ನಾನೂ ಮೈದುನನೂ ಇಳಿದು ಬೇಲಿಯ ಪಕ್ಕ ನಿಂತೆವು. ಇಪ್ಪತ್ತು ನಿಮಿಷದ ಮೇಲೆ ಅತ್ತೆ ಮುದ್ರೆ ಬಿದ್ದ ಕಾಗದ ಹಿಡಿದುಕೊಂಡು ಬಂದರು. ಮೈದುನ ಅವರ ಕಾಲು ಮುಟ್ಟುವ ನಾಟಕ ಮಾಡಿದ. ಅವರು ನಗಲಿಲ್ಲ.

ಮನೆಯ ಗೇಟಿನ ಮುಂದೆ ಅವನನ್ನು ಇಳಿಸಿದರು. ನಾನೂ ಬಾಗಿಲಿಗೆ ಕೈ ಹಾಕಿದೆ.

"ನೀನು ಇಳೀಬೇಡ. ಫೋನಲ್ಲಿ ಟೈಮ್ ಹಾಕು."

ನಾನು ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಅತ್ತೆ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಕತ್ತು ಮುಂದೆ ಚಾಚಿ ಓಡಿಸಿದರು. ಆಸ್ಪತ್ರೆಯ ತುರ್ತು ಚಿಕಿತ್ಸೆಯ ಬಾಗಿಲಿನ ಎದುರು ಬ್ರೇಕ್ ಹಾಕಿದರು.

"ಎಷ್ಟಾಯ್ತು?"

"ಮೂವತ್ತೆರಡು ನಿಮಿಷ."

ಅವರು ಆ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿದರು.

"ಜಾಸ್ತಿ ಆಯ್ತು. ಹಿಂದಿನ ರಸ್ತೆಯಲ್ಲಿ ಸಿಗ್ನಲ್ ಇಲ್ಲ. ಮನೆಗೆ ಹೋಗಿ ಅಲ್ಲಿಂದ ಬರೋಣ."

ಕಾರು ತಿರುಗಿತು. ನಾನು ಕಣ್ಣೊರೆಸಿಕೊಂಡು ಟೈಮನ್ನು ಸೊನ್ನೆಗೆ ತಂದೆ.