ಒಂದೇ ಬೈಕಿನ ಮೇಲೆ ಬಂದ ಬೀಗರು

ಮೂಡಲಗಿಯ ಸೋಮಶೇಖರನ ಪೈಪು-ಮೋಟರಿನ ಅಂಗಡಿಯಲ್ಲಿ, ಗಲ್ಲಾದ ಮೇಲೆ ಒಂದು ಬೋರ್ಡು ತೂಗುತ್ತದೆ: ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ. ಗಿರಾಕಿ ಎಷ್ಟು ಕೂಗಾಡಿದರೂ ಬೋರ್ಡಿಗೆ ಬೆರಳು ತೋರಿಸಿ ಸುಮ್ಮನೆ ಕೂಡುವ ಹಟಮಾರಿ ಅವನು. ಇಂಥವನ ಫೋನಿಗೆ ಆ ಶನಿವಾರ ಬೆಳಿಗ್ಗೆ ಕಾರಿನ ಕಂಪನಿಯಿಂದ ಒಂದು ಸಂದೇಶ ಬಂತು. ನಿಮ್ಮ ಕಾರಿನ ಒಂದು ಭಾಗದಲ್ಲಿ ದೋಷ ಕಂಡುಬಂದಿದೆ, ಷೋರೂಮನ್ನು ಸಂಪರ್ಕಿಸಿ, ಉಚಿತವಾಗಿ ಬದಲಿಸಿ ಕೊಡುತ್ತೇವೆ ಎಂದಿತ್ತು.

ಅವನಿಗೆ ನಗು ತಡೆಯಲಿಲ್ಲ. ತಿಂಡಿಯ ತಾಟು ತಂದ ಹೆಂಡತಿ ನೇತ್ರಾಳಿಗೆ ಫೋನು ತೋರಿಸಿದ.

"ತಪ್ಪು ನಮ್ದು ಅಂತ ತಾವ ಡಂಗುರಾ ಸಾರಾಕತ್ತಾರ ನೋಡು. ಹಿಂಗ ವ್ಯಾಪಾರ ಮಾಡ್ತಾರೇನು?"

"ಯಾವ ಕಾರು?" ಎಂದಳು ನೇತ್ರಾ. "ನಮ್ಮ ಮನ್ಯಾಗ ಈಗ ಕಾರ ಎಲ್ಲೈತಿ?"

ಸೋಮಶೇಖರನ ನಗು ಅಲ್ಲಿಗೇ ನಿಂತಿತು. ಆ ಕಾರನ್ನು ಅವನು ತಂಗಿಯ ಗಂಡ, ಹುಕ್ಕೇರಿಯ ಶ್ರೀಶೈಲನಿಗೆ ಮಾರಿ ಎರಡು ವರ್ಷವಾಗಿತ್ತು. ಕಾಗದಪತ್ರಗಳಲ್ಲಿ ಹೆಸರು ಬದಲಾಗಿದ್ದರೂ ಕಂಪನಿಯವರ ಹತ್ತಿರ ಇವನ ನಂಬರೇ ಉಳಿದಿತ್ತು. ಈಗ ಅದನ್ನು ಓಡಿಸುವವಳು ತಂಗಿ ದಾಕ್ಷಾಯಿಣಿ. ಅವಳು ನಿಡಸೋಸಿಯ ಕಾಲೇಜಿನ ಲೈಬ್ರರಿಯಲ್ಲಿ ನೌಕರಿ ಮಾಡುತ್ತಾಳೆ, ದಿನಾ ಅದರಲ್ಲೇ ಹೋಗಿಬರುತ್ತಾಳೆ.

ಗೋಕಾಕಿನ ಷೋರೂಮಿಗೆ ಫೋನು ಹಚ್ಚಿದ. ಅತ್ತ ಕಡೆಯ ಹುಡುಗಿ ಚಾಸಿ ನಂಬರು ಕೇಳಿದಳು. ಹಳೆಯ ಆರ್‌ಸಿಯ ಫೋಟೋ ಫೋನಿನಲ್ಲೇ ಇತ್ತು, ಓದಿ ಹೇಳಿದ.

"ಹೌದ್ರಿ ಸರ್, ಈ ಗಾಡಿ ಅದರಾಗ ಐತಿ," ಎಂದಳು ಅವಳು. "ಸ್ಟೇರಿಂಗ್ ಒಳಗ ಏರ್‌ಬ್ಯಾಗ್ ಇರತೈತಲ್ರಿ, ಅದನ್ನ ಉಬ್ಬಸೂ ಡಬ್ಬಿ ಸರಿ ಇಲ್ರಿ. ಡಿಕ್ಕಿ ಆದಾಗ ಆ ಡಬ್ಬೀನ ಒಡದು ಕಬ್ಬಿಣದ ಚೂರು ಮುಖಕ್ಕ ಬಡೀಬಹುದು. ಬದಲ ಮಾಡೂ ತನಕಾ ಓಡಸಬ್ಯಾಡ್ರಿ. ನಾವ ಲಾರಿ ಕಳಿಸಿ ಎತ್ತಿಸಿಕೊಂಡ ಬರ್ತೀವಿ."

"ನಾ ಮಾರಿಬಿಟ್ಟ ಗಾಡಿರಿ ಅದು. ವಾರಂಟೀನೂ ಮುಗದೈತಿ."

"ಈಗ ಯಾರ ಹೆಸರೀಲೆ ಇದ್ರೂ ನಡೀತೈತ್ರಿ. ವಾರಂಟಿಗೂ ಇದಕ್ಕೂ ಸಂಬಂಧ ಇಲ್ರಿ. ರೊಕ್ಕಾ ಏನೂ ಕೊಡೂದಿಲ್ರಿ. ಓಡಸವ್ರಿಗೆ ಲಗೂನ ಹೇಳ್ರಿ ಸರ್."

ಇಷ್ಟು ಕೇಳಿದ ಮೇಲೆ ಬುದ್ಧಿಯಿದ್ದವನು ತಕ್ಷಣ ಹುಕ್ಕೇರಿಗೆ ಫೋನು ಮಾಡುತ್ತಿದ್ದ. ಇವನು ಮಾಡಲಿಲ್ಲ. ಎರಡೂ ಮನೆಗಳ ನಡುವೆ ಮಾತು ನಿಂತು ವರ್ಷ ದಾಟಿತ್ತು. ಹೊಸ ಮನೆಯ ಪ್ರವೇಶಕ್ಕೆ ಸೋಮಶೇಖರ ಊರೆಲ್ಲ ತಿರುಗಿ, ಕುಂಕುಮ ಹಚ್ಚಿ, ಕಾಯಿ ಕೊಟ್ಟು ಕರೆದಿದ್ದ. ತಂಗಿಯ ಮನೆಗೆ ಮಾತ್ರ ವಾಟ್ಸಾಪಿನಲ್ಲಿ ಕಾರ್ಡು ಕಳಿಸಿದ್ದ. ನಮ್ಮವರೇ ಅಲ್ಲವೇ, ಅವರಿಗೇನು ಉಪಚಾರ ಎಂದು ಇವನ ಲೆಕ್ಕ. ಊರಿಗೆಲ್ಲ ಕೊಟ್ಟ ಮರ್ಯಾದೆ ನಮಗೇಕಿಲ್ಲ ಎಂದು ಶ್ರೀಶೈಲನ ಲೆಕ್ಕ. ಅವರು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಇವನು ಕೇಳಲಿಲ್ಲ. ಹೋದ ವರ್ಷ ನಾಗರ ಪಂಚಮಿಗೆ ತಂಗಿಯನ್ನು ಕರೆಯಲೂ ಹೋಗಲಿಲ್ಲ. ಅಣ್ಣ ಕರೆಯಲು ಬಾರದೆ ಯಾವ ಹೆಣ್ಣುಮಗಳು ತಾನಾಗಿ ತವರಿಗೆ ಬಂದಾಳು? ಅವ್ವ ಪಾರವ್ವ ಮಗಳಿಗೆಂದು ಕಟ್ಟಿದ ಉಂಡಿಗಳನ್ನು ಕೊನೆಗೆ ಓಣಿಯ ಮಕ್ಕಳಿಗೆ ಹಂಚಿದಳು. ಬಾಯಿತುಂಬ "ಮಾಮಾ" ಎನ್ನುತ್ತಿದ್ದ ಶ್ರೀಶೈಲ, ಸಂತೆಯಲ್ಲೋ ಮದುವೆಯಲ್ಲೋ ಎದುರಾದರೆ ದೂರದವರಂತೆ "ಬೀಗರ" ಎನ್ನತೊಡಗಿದ.

ಸೋಮಶೇಖರ ಉಪಾಯ ಹೂಡಿದ. ಕಂಪನಿಯ ಸಂದೇಶವನ್ನು ತಂಗಿಗೆ ಹಾಗೇ ದಾಟಿಸಿದ. ಕೂಡಲೇ ಉತ್ತರ ಬಂತು: ಮುಗಿದ ಎರಡು ಕೈಗಳ ಚಿತ್ರ. ದಿನಾ ಬೆಳಿಗ್ಗೆ ಶುಭೋದಯ, ಶರಣು ಶರಣಾರ್ಥಿ ಎಂದು ಇವನು ಊರಿಗೆಲ್ಲ ಕಳಿಸುವ ಸಂದೇಶಗಳಿಗೂ ಅವಳ ಉತ್ತರ ಅದೇ. ಓದಿಯೇ ಇಲ್ಲ ಎಂದು ಗೊತ್ತಾಯಿತು. ಫೋನು ಮಾಡಿದ, ಎತ್ತಲಿಲ್ಲ. ಅಷ್ಟರಲ್ಲಿ ಲೈಬ್ರರಿ ಸೇರಿ ಫೋನನ್ನು ಬ್ಯಾಗಿಗೆ ಹಾಕಿರಬೇಕು; ಕೆಲಸ ಮುಗಿಯುವವರೆಗೆ ತೆಗೆಯುವುದಿಲ್ಲ. ಇನ್ನು ಉಳಿದದ್ದು ಶ್ರೀಶೈಲನ ನಂಬರು, ಅದರ ಮೇಲೆ ಇವನ ಬೆರಳು ಹೋಗಲೊಲ್ಲದು.

"ಹಾಳ ಗಾಡಿ ನಮ್ಮ ಕೊರಳಿಗೆ ಕಟ್ಟಿ ಆರಾಮ ಕುಂತಾನ ಅಂತಾನ ಅವ," ಎಂದು ಗೊಣಗಿದ.

"ಅನ್ನಲಿ. ಅಂದ್ರ ಮೈಯಾಗ ಮುಳ್ಳು ನಡತಾವೇನು?" ನೇತ್ರಾ ತಾಟನ್ನು ಕುಕ್ಕಿ ಇಟ್ಟಳು. "ಗುರ್ತಾ ಪರಿಚಯ ಇಲ್ಲದ ಕಂಪನಿಯವ್ರು ತಪ್ಪು ನಮ್ದು ಅಂತ ನಿಮಗ ಹೇಳ್ಯಾರ. ಬೆನ್ನಿಗೆ ಬಿದ್ದ ತಂಗೀಗೆ ಹೇಳಾಕ ನಿಮಗ ಬಾಯಿಲ್ಲ."

ಸೋಮಶೇಖರ ತಿಂಡಿ ಅಲ್ಲೇ ಬಿಟ್ಟು ಬೈಕು ಹತ್ತಿ ಹುಕ್ಕೇರಿಗೆ ಹೊರಟ. ಗೋಕಾಕ ದಾಟುವವರೆಗೆ ಶ್ರೀಶೈಲನಿಗೆ ಕೊಡಬೇಕಾದ ಉತ್ತರಗಳನ್ನೇ ಹೊಂದಿಸುತ್ತಿದ್ದ. ಮುಂದೆ ಕಾಲುವೆಯ ದಂಡೆ ಬಂದಾಗ ಬೇರೆಯೇ ನೆನಪಾಯಿತು. ತಂಗಿಗೆ ಕಾರು ಕಲಿಸಿದವನು ಇವನೇ, ಇಂಥದೇ ಕಾಲುವೆ ದಂಡೆಯ ಮೇಲೆ, ಅದೇ ಕಾರಿನಲ್ಲಿ. ಗಿಡ್ಡ ಹುಡುಗಿ; ಕಾಲು ನಿಲುಕುವುದಿಲ್ಲವೆಂದು ಸೀಟು ಮುಂದೆ ಎಳೆದು, ಸ್ಟೇರಿಂಗಿಗೆ ಎದೆ ಹಚ್ಚಿ ಕೂಡುತ್ತಿದ್ದಳು. ರೊಟ್ಟಿ ಬಡಿಯೋ ಹಂಗ ಬಗ್ಗಿ ಕುಂಡ್ರಬ್ಯಾಡ ಎಂದು ಇವನು ಎಷ್ಟು ಬೈದರೂ ಆ ರೂಢಿ ಹೋಗಲಿಲ್ಲ. ಆ ಮುಖ, ಆ ಡಬ್ಬಿ, ನಡುವೆ ಒಂದು ಗೇಣು. ಅವನು ಬೈಕಿನ ವೇಗ ಹೆಚ್ಚಿಸಿದ.

ಹುಕ್ಕೇರಿಯಲ್ಲಿ ಶ್ರೀಶೈಲ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದ. ಅಂಗಳದಲ್ಲಿ ಕಾರು ಇರಲಿಲ್ಲ.

"ಬರ್ರಿ ಬೀಗರ. ದಾರಿ ತಪ್ಪಿ ಬಂದ್ರೇನು?"

ಬೈಕಿನ ಮೇಲೆ ಕೂತೇ ಸೋಮಶೇಖರ ಎಲ್ಲ ಹೇಳಿದ. ಹಾಳು ಗಾಡಿ ಕೊಟ್ಟಿರಿ ಎಂಬ ಮಾತಿಗೆ ಕಾದ. ಆ ಮಾತು ಬರಲೇ ಇಲ್ಲ. ಶ್ರೀಶೈಲ ಪೇಪರು ಬಿಟ್ಟು ಎದ್ದು ನಿಂತ.

"ಇವತ್ತ ಶನಿವಾರ, ಅರ್ಧಾ ದಿನ. ಇಷ್ಟೊತ್ತಿಗೆ ಹೊಂಡತಿರಬೇಕ್ರಿ ಆಕಿ. ಫೋನ ಬ್ಯಾಗಿನಾಗ ಇರತೈತಿ, ಎತ್ತೂದಿಲ್ಲ. ನಡೀರಿ."

ಚಪ್ಪಲಿ ಮೆಟ್ಟಿ, ಇವನ ಹಿಂದೆ ಹತ್ತಿ ಕೂತ. ಮೊದಲು ಮೈಗೆ ಮೈ ತಾಗದಂತೆ ಹಿಂದಿನ ಕಂಬಿ ಹಿಡಿದಿದ್ದ. ಊರು ದಾಟುವಾಗ ರಸ್ತೆಯ ಹಂಪಿನ ಮೇಲೆ ಬೈಕು ಹಾರಿತು, ಅವನು ಸೋಮಶೇಖರನ ಹೆಗಲು ಹಿಡಿದ. ಆಮೇಲೆ ರಸ್ತೆ ಸಪಾಟಾದರೂ ಕೈ ತೆಗೆಯಲಿಲ್ಲ. ಇಬ್ಬರೂ ಎದುರು ಬರುವ ಕಾರುಗಳನ್ನೇ ನೋಡುತ್ತ ಹೋದರು.

ಕಾಲೇಜಿನ ಗೇಟಿಗೆ ಇವರು ಮುಟ್ಟುವುದಕ್ಕೂ ಆ ಬಿಳಿ ಕಾರು ಹೊರಗೆ ಬರುವುದಕ್ಕೂ ಸರಿಹೋಯಿತು. ಸೋಮಶೇಖರ ಬೈಕನ್ನು ಅಡ್ಡ ನಿಲ್ಲಿಸಿದ. ಕಾರು ನಿಂತಿತು. ಒಳಗೆ ದಾಕ್ಷಾಯಿಣಿ, ಅದೇ ರೀತಿ ಸ್ಟೇರಿಂಗಿಗೆ ಎದೆ ಹಚ್ಚಿ ಕೂತವಳು, ಬೈಕಿನ ಮೇಲಿನ ಅಣ್ಣನನ್ನೂ ಅವನ ಹಿಂದಿನ ಗಂಡನನ್ನೂ ನೋಡಿದಳು. ಇವನು ಓಡಿಹೋಗಿ ಬಾಗಿಲು ತೆಗೆದರೂ ಅವಳು ಇಳಿಯಲಿಲ್ಲ.

"ಅವ್ವ ಯಾವಾಗ ಹೋದಳು?" ಎಂದಳು.

ಸೋಮಶೇಖರನಿಗೆ ಮಾತು ತಿಳಿಯಲಿಲ್ಲ. "ಎಲ್ಲಿಗೆ? ಅವ್ವ ಮನ್ಯಾಗ ಅದಾಳ. ನೀ ಮೊದಲ ಇಳಿ."

"ಸುಳ್ಳ ಹೇಳಬ್ಯಾಡ. ಯಾರೂ ಸಾಯದ ನೀವಿಬ್ಬರೂ ಒಂದ ಬೈಕಿನ ಮ್ಯಾಲ ಬರ್ತೀರೇನು? ನಾ ಕಡೀಕ ಮುಖಾನೂ ನೋಡ್ಲಿಲ್ಲ ಅವ್ವಂದು." ಅವಳ ಕಣ್ಣಿನಿಂದ ನೀರು ಇಳಿಯತೊಡಗಿತ್ತು.

ಕಬ್ಬಿಣದ ಚೂರು ಯಾರ ಮುಖಕ್ಕೆ ಬಡಿಯಬಾರದೆಂದು ಓಡಿಬಂದಿದ್ದರೋ, ಆ ಮುಖ ತಮ್ಮಿಂದ ಹೀಗಾಗಿದ್ದನ್ನು ನೋಡಿ ಸೋಮಶೇಖರನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅವನು ಮನೆಗೆ ಫೋನು ಹಚ್ಚಿ ತಂಗಿಯ ಕಿವಿಗೆ ಹಿಡಿದ. "ಅವ್ವಾ?" ಎಂದಳು ಅವಳು.

"ಯಾರದು, ದಾಕ್ಷೀನಾ?" ಎಂದು ಅತ್ತಲಿಂದ ಪಾರವ್ವನ ದನಿ ಬಂತು. "ಆರಾಮ ಅದೀಯೇನ ಮಗಳ?"

ದಾಕ್ಷಾಯಿಣಿ ಆಗ ಇಳಿದಳು. ಕಾರಿಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅವಳು ಸುಧಾರಿಸಿಕೊಂಡ ಮೇಲೆ ಅಣ್ಣ ಕಾರಿನ ಸಂಗತಿ ಹೇಳಿದ, ಅವಳು ಅರ್ಧ ಕೇಳಿದಳು, ಅರ್ಧ ಬಿಟ್ಟಳು.

"ತಪ್ಪು ನಂದು, ಶ್ರೀಶೈಲಪ್ಪಾ," ಎಂದ ಸೋಮಶೇಖರ. "ಕಾರಿಂದಲ್ಲ. ವಾಟ್ಸಾಪಿನಾಗ ಕಾರ್ಡ ಕಳಿಸಿದ್ದು."

ಶ್ರೀಶೈಲ ಕಾರಿನ ಚಾವಿ ತೆಗೆದು ಕಿಸೆಗೆ ಹಾಕಿಕೊಂಡ. "ನಂದೂ ಅರ್ಧಾ ಐತಿ ತಗೋರಿ. ಮೊದಲ ಷೋರೂಮಿಗೆ ಫೋನ ಹಚ್ರಿ, ಮಾಮಾ."

ಇಳಿಹೊತ್ತಿಗೆ ಗೋಕಾಕಿನಿಂದ ಲಾರಿ ಬಂದು ಕಾರನ್ನು ಎತ್ತಿಕೊಂಡು ಹೋಯಿತು. ಲಾರಿ ಹೋಗುವ ಮುಂಚೆ ಸೋಮಶೇಖರ ಕಂಪನಿಯ ಕಾಗದದಲ್ಲಿ ತನ್ನ ನಂಬರು ತೆಗೆಸಿ ದಾಕ್ಷಾಯಿಣಿಯದನ್ನು ಬರೆಸಿದ. ಮುಂದೆ ಏನೇ ತಿಳಿಸುವುದಿದ್ದರೂ ನೇರ ಅವಳಿಗೇ ತಿಳಿಯಲಿ. ಆಮೇಲೆ ಶ್ರೀಶೈಲನಿಗೆ, "ಪಂಚಮಿ ಬಂತು, ತಂಗೀನ ಕಳಿಸಿಕೊಡ್ರಿ. ನೀವೂ ಬರ್ರಿ," ಎಂದ.

"ಹಿಂಗ ಗೇಟಿನ ಮುಂದ ನಿಂತು ಕರೀತಾರೇನ್ರಿ ಮಾಮಾ? ಮನೀಗೆ ಬಂದು ಕರೀರಿ."

ದಾಕ್ಷಾಯಿಣಿ ಬಸ್ಸು ಹತ್ತಿದಳು. ಇವರಿಬ್ಬರೂ ಬೈಕು ಹತ್ತಿದರು. ದಾರಿಯಲ್ಲಿ ಒಂದು ಅಂಗಡಿಯ ಮುಂದೆ ನಿಲ್ಲಿಸಿ ಸೋಮಶೇಖರ ಕುಂಕುಮದ ಪೊಟ್ಟಣ ಮತ್ತು ತೆಂಗಿನಕಾಯಿ ಕೊಂಡ. ಬೈಕು ಓಡಿಸುವವನು ಕಾಯಿ ಹಿಡಿಯುವುದು ಹೇಗೆ? ತನ್ನನ್ನೇ ಕರೆಯಲು ತಂದ ಕಾಯಿಯನ್ನು ಶ್ರೀಶೈಲ ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಮಾಮಾನ ಹೆಗಲು ಹಿಡಿದು ಕೂತ.