ಕೇಳದೆ ಬರೆದ ಮುಖ

ಶಾಲೆಯಲ್ಲಿ ಸ್ತನ ಕ್ಯಾನ್ಸರ್ ಬಗ್ಗೆ ಜಾಗೃತಿ ನಡಿಗೆ ಮಾಡಿ, ಆಸ್ಪತ್ರೆಗೆ ದೇಣಿಗೆ ಕೂಡಿಸಬೇಕೆಂದು ತೀರ್ಮಾನವಾದಾಗ, ಪೋಸ್ಟರಿನ ಕೆಲಸ ಡ್ರಾಯಿಂಗ್ ಟೀಚರ್ ತಲೆಗೇ ಬಂತು. ಅವಳು ಒಲ್ಲೆ ಅನ್ನಲಿಲ್ಲ. ಅವಳ ಅಕ್ಕನಿಗೂ ಅದೇ ಕಾಯಿಲೆ. ಆಪರೇಷನ್ ಆಗಿ, ಔಷಧಿ ಏರಿಸಿ ಏರಿಸಿ ಕೂದಲೆಲ್ಲ ಉದುರಿದ್ದರೂ ಅಕ್ಕ ತಲೆಗೊಂದು ಬಟ್ಟೆ ಸುತ್ತಿಕೊಂಡು ತನ್ನ ಟೈಲರಿಂಗ್ ಅಂಗಡಿಯಲ್ಲಿ ಮಷಿನ್ ತುಳಿಯುತ್ತಲೇ ಇದ್ದಳು. ಅವಳಿಗಾಗಿ ಏನು ಮಾಡಬೇಕೆಂದು ತಿಳಿಯದೆ ಕೈ ಹಿಸುಕಿಕೊಳ್ಳುತ್ತಿದ್ದ ತಂಗಿಗೆ ಇದೊಂದು ದಾರಿ ಸಿಕ್ಕಂತಾಯಿತು.

ಮೊದಲು ಈ ಕಾಯಿಲೆಯ ಜಾಗೃತಿಗೆ ಎಲ್ಲೆಡೆ ಬಳಸುವ ಗುಲಾಬಿ ರಿಬ್ಬನ್ ಬರೆದಳು. ಸಪ್ಪೆ ಅನ್ನಿಸಿತು. ಆಮೇಲೆ ಒಬ್ಬ ಹೆಂಗಸಿನ ಮುಖ ಬರೆಯಲು ಕೂತಳು. ಕೈ ತನ್ನಷ್ಟಕ್ಕೆ ಓಡಿತು. ದಪ್ಪ ಹುಬ್ಬು, ಒಂಚೂರು ಸೊಟ್ಟ ಮೂಗು, ತಲೆಬಟ್ಟೆಯ ಗಂಟು. ಮುಗಿಸಿ ನೋಡಿದರೆ ಸಾಕ್ಷಾತ್ ಅಕ್ಕ! ಮನಸ್ಸು ಅಳುಕಿತು. ‘ಯಾರು ಅಷ್ಟು ನಿಗಾ ಇಟ್ಟು ನೋಡ್ತಾರೆ’ ಅಂದುಕೊಂಡು ಪ್ರಿಂಟಿಗೆ ಕೊಟ್ಟೇಬಿಟ್ಟಳು.

ಎಲ್ಲರೂ ನೋಡಿದರು. ಶಾಲೆಯ ಅರ್ಧ ಮಕ್ಕಳ ಯೂನಿಫಾರಂ ಹೊಲಿದ ಕೈ ಅದು; ಮುಖ ಗೊತ್ತಾಗದೆ ಇರುತ್ತದೆಯೇ? ಅಕ್ಕನ ಮಗಳೂ ಅಲ್ಲೇ ಏಳನೇ ಕ್ಲಾಸಿನಲ್ಲಿದ್ದಳು. ಮಾತು ಖಾರ ಅಂತ ಮನೆಯವರೆಲ್ಲ ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದರು. ಊಟದ ಬಿಡುವಿನಲ್ಲಿ ದೇಣಿಗೆ ಡಬ್ಬ ಹಿಡಿದ ಹುಡುಗಿಯೊಬ್ಬಳು ಅವಳ ಹತ್ತಿರ ಬಂದು, “ನಾವು ದುಡ್ಡು ಹಾಕಿದ್ರೆ ನಿಮ್ಮಮ್ಮ ಸಾಯಲ್ಲ ಅಲ್ವಾ?” ಎಂದು ಕೇಳಿದಳು. ಪಾಪ, ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಮೆಣಸು ಊಟ ಅರ್ಧಕ್ಕೇ ಬಿಟ್ಟು ಎದ್ದಳು. ನೆಟ್ಟಗೆ ಟಾಯ್ಲೆಟ್ಟಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಡ್ರಾಯಿಂಗ್ ಟೀಚರ್ ಎದ್ದೆನೋ ಬಿದ್ದೆನೋ ಅಂತ ಓಡಿಬಂದು ಬಾಗಿಲು ತಟ್ಟಿದಳು. “ನಾನು ಕಣೇ, ನಿನ್ನ ಚಿಕ್ಕಮ್ಮ.”

“ನೀನು ಬೇಡ. ಅಮ್ಮನ್ನ ಕರಿ.”

ಅಕ್ಕ ಏದುಸಿರು ಬಿಡುತ್ತ ಬಂದಳು. ಕಂಬ ಕಂಬಕ್ಕೂ ತನ್ನದೇ ಮುಖ. ಒಂದರ ಮುಂದೆ ಗಕ್ಕನೆ ನಿಂತು, ಮತ್ತೆ ನಡೆದಳು. ಮಗಳನ್ನು ಮೆಲ್ಲಗೆ ಮಾತಾಡಿಸಿ ಹೊರಗೆ ಕರೆತಂದು ಗೇಟಿನ ಹತ್ತಿರ ಕೂರಿಸಿ, ತಂಗಿಯ ಕಡೆ ತಿರುಗಿದಳು.

“ನನ್ನ ಒಂದು ಮಾತು ಕೇಳಿದ್ಯಾ?”

“ಒಳ್ಳೇದಕ್ಕೇ ಅಲ್ವಾ ಅಕ್ಕಾ…”

“ಅಂಗಡೀಗೆ ಬರೋರು ಕುತ್ತಿಗೆ ಅಗಲ ಆಯ್ತು, ತೋಳು ಬಿಗಿ ಆಯ್ತು ಅಂತ ನನ್ನ ಹತ್ರ ಜಗಳ ಆಡ್ತಿದ್ರು. ನಾಳೆಯಿಂದ ಅಯ್ಯೋ ಪಾಪ ಅಂದು ಸುಮ್ನೆ ತಗೊಂಡು ಹೋಗ್ತಾರೆ. ನಂಗೆ ಆ ಜಗಳ ಬೇಕಿತ್ತು ಕಣೇ.” ಅಕ್ಕ ಸುಧಾರಿಸಿಕೊಂಡು ಕೇಳಿದಳು, “ಒಡಹುಟ್ಟಿದವಳೂ ಒಂದ್ಸಲ ಬಂದು ತೋರಿಸಿಕೊಳ್ಳಲಿ ಅಂತ ಡಾಕ್ಟ್ರು ಹೇಳಿದ್ರಲ್ಲ, ಹೋಗಿದ್ಯಾ?”

“ಪರೀಕ್ಷೆ ಕೆಲಸ ಇತ್ತು…”

“ಬೇಗ ತೋರಿಸಿಕೊಳ್ಳಿ ಅಂತ ಪೋಸ್ಟರಲ್ಲಿ ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೀಯಲ್ಲ, ನಿಂಗೇ ಓದೋಕೆ ಬರಲ್ವಾ?”

ಕೆಲಸ ಬರೀ ನೆಪವಾಗಿತ್ತು, ತಂಗಿಗೆ ಹೆದರಿಕೆ.

ಪೋಸ್ಟರ್ ತೆಗೆಸುತ್ತೇನೆ ಎಂದು ತಂಗಿ ಹೇಳಿದಾಗ ಹೆಡ್‌ಮಿಸ್ಸಿಗೆ ರೇಗಿತು. “ಆ ಮುಖ ನೋಡೇ ಜನ ಕರಗ್ತಿರೋದು, ಗೊತ್ತಾ?”

“ಅದು ನನ್ನ ಮುಖ ಅಲ್ಲ ಮೇಡಂ, ನಾನು ಹೇಗೆ ಕೊಡ್ಲಿ?” ಎಂದವಳೇ ಸ್ಟೂಲು ಎಳೆದುಕೊಂಡು ಹೋಗಿ ಒಂದೊಂದನ್ನೇ ಕಿತ್ತಳು. ನಡಿಗೆ ರಿಬ್ಬನ್ನಿನ ಚಿತ್ರದಲ್ಲೇ ಮುಗಿಯಿತು. ಡಬ್ಬ ಮೊದಲಿನಷ್ಟು ತುಂಬಲಿಲ್ಲ. ಹೆಡ್‌ಮಿಸ್ ಅವಳೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡತೊಡಗಿದರು.

ಅಕ್ಕ ತಂಗಿಯನ್ನು ಕೈಹಿಡಿದು ಎಳೆದುಕೊಂಡೇ ಆಸ್ಪತ್ರೆಗೆ ಹೋದಳು. ಎದೆಯ ಎಕ್ಸ್ ರೇ ತೆಗೆಯುವ ಮಷಿನ್ನಿನ ತಣ್ಣನೆಯ ಹಲಗೆ, ಆಮೇಲೆ ಸೂಜಿ, ಆಮೇಲೆ ಕಾಯುವುದು. ಕೊನೆಗೆ ಡಾಕ್ಟರು ಕರೆದು ಹೇಳಿದರು: ಇದೆ, ಆದರೆ ಚಿಕ್ಕದು, ಬೇಗ ಸಿಕ್ಕಿದೆ, ಗುಣ ಮಾಡಬಹುದು. ತಂಗಿಯ ಕಿವಿಗೆ ‘ಇದೆ’ ಅನ್ನುವುದು ಬಿಟ್ಟರೆ ಬೇರೇನೂ ಬೀಳಲಿಲ್ಲ. ತನಗೆ ಬಂದಾಗ ಒಂದು ಹನಿ ಕಣ್ಣೀರು ಹಾಕದಿದ್ದ ಅಕ್ಕ ಹೊರಗಿನ ಬೆಂಚಿನ ಮೇಲೆ ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ತಂಗಿಯೇ ಅವಳ ಬೆನ್ನು ಸವರಬೇಕಾಯಿತು.

ಮೆಣಸು ಚಿಕ್ಕಮ್ಮನ ಮೇಲೆ ಮುನಿದವಳು ಮುನಿದಂತೆಯೇ ಇದ್ದಳು. ಅಂದು ಸಂಜೆ ಮಾತ್ರ ಬಂದು ಪಕ್ಕದಲ್ಲಿ, ನಡುವೆ ಗೇಣು ಜಾಗ ಬಿಟ್ಟು, ಕೂತಳು. ಚಿಕ್ಕಮ್ಮನೇ ಕೇಳಿದಳು, “ಆಪರೇಷನ್ ಆದ್ಮೇಲೆ ಅಮ್ಮಂಗೆ ಜಾಸ್ತಿ ನೋವಿರಲಿಲ್ಲ, ಅಲ್ವೇನೇ? ನಗ್ತಾನೇ ಇರ್ತಿದ್ಲು.”

“ತುಂಬಾ ಇತ್ತು,” ಅಂದಳು ಹುಡುಗಿ. “ನೀನು ಬಂದಾಗ ಮಾತ್ರ ನಗ್ತಿದ್ಲು.”