ಅಲ್ಲೇನಿದೆ, ಬರೀ ಕಲ್ಲು

ಹಳದಿ ಬಾಣ, ಇಲ್ಲೊಂದು ಹಳದಿ ಬಾಣ, ಅಗೋ ಅಲ್ಲಿ ಇನ್ನೊಂದು, ಜಲಪಾತಕ್ಕೆ ಹೋಗುವುದಕ್ಕೆ ಇಷ್ಟು ಕಂಬಗಳು ಬೇಕೇ, ನೀರಿನ ಸದ್ದು ಕೇಳುವುದಿಲ್ಲವೇ ಇವರಿಗೆ, ಕಿವಿಯೊಳಗೆ ಅದೇನೋ ತುರುಕಿಕೊಂಡು ನಡೆಯುತ್ತಾರಲ್ಲ, ಇನ್ನೆಲ್ಲಿ ಕೇಳಬೇಕು — ಅಟ್ರಾಕ್ಟಾ ಒಮ್ಮೆ ನಿಂತು ಉಸಿರೆಳೆದುಕೊಂಡಳು, ಅರವತ್ತೊಂದಕ್ಕೇ ಈ ಏದುಸಿರು, ಅಪ್ಪ ಎಪ್ಪತ್ತೈದರಲ್ಲೂ ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ಇದೇ ಏರನ್ನು ಹತ್ತುತ್ತಿದ್ದ, ಆಗ ಜಲ್ಲಿ ಹಾಸಿದ ದಾರಿಯೂ ಇರಲಿಲ್ಲ, ಬೇಲಿಯ ಗೇಟಿನ ಹತ್ತಿರ ಕುದುರೆ ಸಾಗಿಸುವ ಡಬ್ಬಾಗಾಡಿಯಲ್ಲಿ ಕಾಫಿ ಮಾರುವವರೂ ಇರಲಿಲ್ಲ, ಕಾಫಿಯಂತೆ, ಬೆಟ್ಟ ಹತ್ತುವ ಮೊದಲೊಂದು ಇಳಿದ ಮೇಲೊಂದು, ನಡುವೆ ಫೋಟೋ. ಆ ಡಬ್ಬಾಗಾಡಿಯ ಪಕ್ಕದಲ್ಲೇ ಕಾರು ನಿಲ್ಲಿಸಿ ಅಮ್ಮನನ್ನು ಕೂರಿಸಿ ಬಂದಿದ್ದಾಳೆ, ಕೂತಿರಮ್ಮ, ದಾರಿ ಒಣಗಿದೆಯೋ ಇಲ್ಲವೋ ಮೊದಲು ನೋಡಿ ಬರ್ತೀನಿ, ಎಂಬತ್ತಾರರ ಅಮ್ಮ ಕೈಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡು, ಅರವತ್ತೈದು ವರ್ಷ ಕೂತಿದ್ದೀನಲ್ಲೇ, ಇನ್ನೊಂದು ಕಾಲು ಗಂಟೆ ಕೂರೋಕಾಗಲ್ವಾ ಅಂದಳು. ಚರ್ಚಿಗೆ ಹೋಗುವ ಕೋಟು ಹಾಕಿಕೊಂಡಿದ್ದಾಳೆ, ತುಟಿಗೆ ಬಣ್ಣ, ಯಾರನ್ನೋ ಮೊದಲ ಸಲ ಭೇಟಿಯಾಗಲು ಹೊರಟವಳ ಹಾಗೆ.

ಮೊದಲ ಸಲವೇ ತಾನೆ, ಅವಳು ನೋಡಿಯೇ ಇಲ್ಲವಲ್ಲ, ಹೆಂಗಸರು ಇಲ್ಲಿಗೆ ಬರುವ ಹಾಗಿರಲಿಲ್ಲ, ಹೆತ್ತವಳು ಹಾಸಿಗೆಯಲ್ಲಿರುವಾಗಲೇ ಎಲ್ಲ ಮುಗಿದುಹೋಗುತ್ತಿತ್ತು, ಚೊಚ್ಚಲು ಗಂಡುಮಗು, ಒಂದು ಗಂಟೆಯೂ ಬದುಕಲಿಲ್ಲ, ತಲೆಗೆ ಜ್ಞಾನಸ್ನಾನದ ತೀರ್ಥ ಬೀಳುವ ಮೊದಲೇ ಹೋಯಿತು, ತೀರ್ಥ ಬೀಳದ ಮಗುವಿಗೆ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ಚರ್ಚಿನ ಅಂಗಳದಲ್ಲಿ ಮೂರು ಅಡಿ ಮಣ್ಣೂ ಇಲ್ಲ, ಪಾದ್ರಿ ಬಾಗಿಲಲ್ಲೇ ನಿಂತು ಹೇಳಿ ಹೋದನಂತೆ, ಒಳಗೆ ಕೂಡ ಬರಲಿಲ್ಲ. ಅಪ್ಪ ಅಂಗಡಿಯಿಂದ ಬೆಣ್ಣೆಯ ಖಾಲಿ ಪೆಟ್ಟಿಗೆ ತಂದ, ಅದನ್ನು ಕೋಟಿನೊಳಗೆ ಇಟ್ಟುಕೊಂಡು ಮಬ್ಬಿನಲ್ಲಿ ಒಬ್ಬನೇ ಬೆಟ್ಟ ಹತ್ತಿದ, ಈ ಕಡೆಯ ಅಪ್ಪಂದಿರೆಲ್ಲ ಹತ್ತಿದ ಹಾಗೆ, ಮುಳ್ಳುಮರದ ಸುತ್ತ ಮೂವತ್ತೋ ನಲವತ್ತೋ ಕಲ್ಲುಗಳು, ಕೂಸಿಗೊಂದರಂತೆ, ಎಲ್ಲವೂ ಬೂದು ಬಣ್ಣದವು, ಒಂದೇ ಒಂದು ಬಿಳಿ, ಅಪ್ಪ ಹಳ್ಳದಿಂದ ಆರಿಸಿ ತಂದದ್ದು, ಕೋಳಿಮೊಟ್ಟೆಯ ಹಾಗೆ ನುಣ್ಣಗೆ, ಅಂಗೈ ತುಂಬುವಷ್ಟು. ಅಟ್ರಾಕ್ಟಾಗೆ ಹತ್ತೊಂಬತ್ತಿರುವಾಗ ಕುರಿ ಅಟ್ಟಿಕೊಂಡು ಬರುತ್ತಾ ಅಪ್ಪ ಸರಕ್ಕನೆ ನಿಂತು ಕೋಲಿನಿಂದ ತೋರಿಸಿದ್ದ, ಅದು ನಿನ್ನಣ್ಣ, ನಾನು ತೋರಿಸ್ದೆ ಅಂತ ಅಮ್ಮನಿಗೆ ಹೇಳ್ಬೇಡ, ಅಷ್ಟೇ, ಮತ್ತೆ ಕುರಿಯನ್ನು ಬೈಯಲು ಶುರುಮಾಡಿದ. ಅಪ್ಪ ತೀರಿಹೋದ, ಅಣ್ಣನ ಕಲ್ಲು ಯಾವುದೆಂದು ಗೊತ್ತಿರುವವಳು ಈಗ ಅವಳೊಬ್ಬಳೇ. ಈ ವಸಂತದಲ್ಲಿ ಅಮ್ಮ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವಳು ತಲೆಯೆತ್ತದೆ, ನಿಮ್ಮಪ್ಪ ನಿನಗೆ ತೋರಿಸಿರ್ತಾನೆ ಅಂತ ನನಗೆ ಗೊತ್ತು ಕಣೇ, ಕಣ್ಣು ಪೂರ್ತಿ ಹೋಗೋ ಮುಂಚೆ ಒಂದ್ಸಲ ನನಗೂ ತೋರಿಸು ಅಂದಳು.

ತಿರುವು, ಬೆಂಚು — ಬೆಂಚು ಬೇರೆ ಹಾಕಿದ್ದಾರೆ, ಕೂತು ಸೌಂದರ್ಯ ಸವಿಯಲಿ ಅಂತ — ಮುಳ್ಳುಮರ, ಮರದ ಬುಡ, ಇದೇನು, ಇದೇನಿದು, ಗೋಪುರಗಳು, ಕಲ್ಲಿನ ಮೇಲೆ ಕಲ್ಲು, ಅದರ ಮೇಲೆ ಪುಟ್ಟ ಕಲ್ಲು, ಐದು, ಏಳು, ಎಂಟು ಗೋಪುರ, ನೆಲದಲ್ಲಿ ಒಂದೇ ಒಂದು ಕಲ್ಲು ಉಳಿದಿಲ್ಲ, ಬರೀ ಬೂಟಿನ ಗುರುತು, ತುಳಿದು ತುಳಿದು ಹುಲ್ಲೇ ಸತ್ತಿದೆ, ಎಲ್ಲಕ್ಕಿಂತ ಎತ್ತರದ ಗೋಪುರದ ತುದಿಯಲ್ಲಿ ಕೇಕಿನ ಮೇಲೆ ಚೆರ್ರಿ ಇಟ್ಟ ಹಾಗೆ ಬಿಳಿ ಕಲ್ಲು. ಕೆಂಪು ಜಾಕೆಟ್ಟಿನ ಹುಡುಗಿಯೊಬ್ಬಳು ಮಂಡಿಯೂರಿ ಫೋಟೋ ತೆಗೆಯುತ್ತಿದ್ದಾಳೆ, ಡಬ್ಲಿನ್‌ನವಳೇ ಇರಬೇಕು, ಬೂಟಿಗೆ ಇನ್ನೂ ಕೆಸರೇ ಹತ್ತಿಲ್ಲ, ಏನಮ್ಮಾ ಇದು ಯಾರು ಮಾಡಿದ್ದು, ಹುಡುಗಿ ನಗುತ್ತಾ, ಎಲ್ರೂ ಸೇರಿ, ಬಂದೋರೆಲ್ಲ ಒಂದೊಂದು ಇಟ್ಟು ಹೋಗ್ತಾರೆ, ಆ ಬಿಳೀದು ನಾನಿಟ್ಟಿದ್ದು, ಚೆನ್ನಾಗಿದೆ ಅಲ್ವಾ. ಎಲ್ಲಿತ್ತು ಅದು, ಎಲ್ಲಿಂದ ತೆಗೆದೆ, ಹೇಳು. ಅಯ್ಯೋ ಇಲ್ಲೇ ಎಲ್ಲೋ ಬಿದ್ದಿತ್ತು, ಯಾಕೆ, ಮುಟ್ಟಬಾರದಾಗಿತ್ತಾ, ಬೋರ್ಡ್ ಏನೂ ಇರ್ಲಿಲ್ವಲ್ಲ. ಬೋರ್ಡ್ ಇರಲಿಲ್ಲ. ಯಾರನ್ನು ಬೈಯಬೇಕು, ನಿನ್ನನ್ನು ನೀನೇ ಬೈದುಕೋ ಅಟ್ರಾಕ್ಟಾ, ಮೂರು ವರ್ಷದ ಹಿಂದೆ ಶಾಲೆಯ ಹಾಲ್‌ನಲ್ಲಿ, ಚಹಾ ಬಿಸ್ಕತ್ತು ಸಮೇತ ದಾರಿ ಸಮಿತಿಯ ಸಭೆ, ಫಿಂಟನ್ ಮೇಜಿನ ಮೇಲೆ ನಕ್ಷೆ ಹಾಸಿಕೊಂಡು, ಮುಳ್ಳುಮರದ ಹತ್ರ ಏನಾದ್ರೂ ಇದೆಯಾ, ಇದ್ರೆ ಹೇಳು, ದಾರೀನ ಆ ಕಡೆಯಿಂದ ತಿರುಗಿಸ್ಬಿಡೋಣ, ನಿಮ್ಮದೇ ಜಾಗ, ನೀನೇ ಹೇಳ್ಬೇಕು. ಕೇಳುವವನಿಗೂ ಗೊತ್ತಿತ್ತು, ಅವನ ಚಿಕ್ಕಮ್ಮನ ಕೂಸೂ ಒಂದು ಇಲ್ಲಿದೆ, ಕೂತಿದ್ದ ಹನ್ನೊಂದು ಜನಕ್ಕೂ ಗೊತ್ತಿತ್ತು, ಹನ್ನೊಂದು ಜನವೂ ಕಪ್ಪಿನೊಳಗೆ ಇಣುಕುತ್ತಾ ಕೂತರು, ಹೇಳಿದ್ದರೆ ಏನಾಗುತ್ತಿತ್ತು, ಆಕಾಶ ಕಳಚಿ ಬೀಳುತ್ತಿತ್ತೇ, ಆದರೆ ಆ ಮಾತನ್ನು ಬಾಯಲ್ಲಿ ಆಡಿ ಯಾರಿಗೆ ಅಭ್ಯಾಸ, ಅಪ್ಪನೂ ಒಂದೇ ಸಲ ಆಡಿದ್ದು, ಅದೂ ಕುರಿಗಳ ನಡುವೆ — ಅವಳು ಹೇಳಿದಳು, ಅಲ್ಲೇನಿದೆ, ಬರೀ ಕಲ್ಲು. ಫಿಂಟನ್ ಉಸಿರು ಬಿಟ್ಟು ನಕ್ಷೆಯ ಮೇಲೆ ಬರೆದ, ವಿಶ್ರಾಂತಿ ತಾಣ. ಎಲ್ಲರಿಗೂ ನಿರಾಳ, ಇನ್ನೊಂದು ಸುತ್ತು ಚಹಾ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಬಂದಿದ್ದೀಯಲ್ಲ ಈಗ.

ಹೋಗಲಿ, ಅಮ್ಮನಿಗೆ ದಾರಿ ಒದ್ದೆ ಅಂತ ಹೇಳಿಬಿಡೋಣ, ಮುಂದಿನ ವಾರ ಬರೋಣ ಅಂತ, ಅಷ್ಟರಲ್ಲಿ ಕಲ್ಲುಗಳನ್ನು ಇಳಿಸಿ, ಇಳಿಸಿ ಎಲ್ಲಿಡುತ್ತೀಯೇ ಮಂಕೇ, ಮರದಿಂದ ಎಷ್ಟು ಹೆಜ್ಜೆ ಎಂದು ಎಣಿಸಿದ್ದೀಯಾ, ಕಲ್ಲು ಎಲ್ಲಿಗೆ ಹೋಗುತ್ತದೆ ಅಂದುಕೊಂಡಿದ್ದವಳಲ್ಲವೇ ನೀನು — ಅಷ್ಟರಲ್ಲಿ ತಿರುವಿನಲ್ಲಿ ನೀಲಿ ಕೋಟು. ಅಮ್ಮ. ಕಾಫಿ ಗಾಡಿಯವನ ತೋಳು ಹಿಡಿದುಕೊಂಡು, ಜಲ್ಲಿದಾರಿಯಲ್ಲಿ ಒಂದೊಂದೇ ಹೆಜ್ಜೆ, ಕೂತಿರು ಅಂದರೆ ಕೂರುವ ಜನ್ಮವೇ ಅಲ್ಲ ಅದು, ಒಳ್ಳೇ ದಾರಿ ಮಾಡಿಸಿದ್ದೀರಿ ಕಣೇ, ಒಂದು ಕಡೇನೂ ಎಡವಲಿಲ್ಲ ನೋಡು. ಅಮ್ಮ ಮರದ ಹತ್ತಿರ ನಿಂತಳು, ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ಗೋಪುರಗಳನ್ನು ನೋಡಿದಳು, ಒಂದೊಂದಾಗಿ, ಕೆಂಪು ಜಾಕೆಟ್ಟಿನವಳು ಉಸಿರು ಬಿಗಿಹಿಡಿದು ಹಿಂದಕ್ಕೆ ಸರಿದಳು, ಅಮ್ಮನ ಮುಖ ಅರಳಿತು, ಅಯ್ಯೋ, ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದಾರೆ, ಯಾರೂ ಬರಲ್ಲ ಅಂದ್ಕೊಂಡು ಇಷ್ಟು ವರ್ಷ ನಿದ್ದೆಗೆಟ್ಟೆನಲ್ಲ, ಎಷ್ಟೊಂದು ಜನ ಬಂದು ಹೋಗಿದ್ದಾರೆ, ನಮ್ಮದು ಯಾವುದೇ.

ಅಟ್ರಾಕ್ಟಾ ಎತ್ತರದ ಗೋಪುರದ ತುದಿಯಿಂದ ಬಿಳಿ ಕಲ್ಲನ್ನು ತೆಗೆದಳು, ಯಾಕೆ ತೆಗೆದಳೋ, ಕೈ ತಾನೇ ಹೋಯಿತು, ಅಮ್ಮ ಕೈಗವಸು ಕಳಚಿ ಎರಡು ಬೆರಳಿಂದ ಅದನ್ನು ಸವರಿದಳು, ಇದೇನಾ, ತಣ್ಣಗಿದೆ ಪಾಪ, ಆಮೇಲೆ ಸಣ್ಣಗೆ ಗದರಿದಳು, ನೀನ್ಯಾಕೆ ಎತ್ತಿದೆ ಅದನ್ನ, ಇಡು, ಅವನಿರೋ ಜಾಗದಲ್ಲೇ ಇಡು. ಅಂಗೈ ತುಂಬ ಬಿಳಿ ಕಲ್ಲು, ಮುಂದೆ ನೆಲ, ಅಮ್ಮ ಅವಳ ಕೈಯನ್ನೇ ನೋಡುತ್ತಿದ್ದಾಳೆ, ಇಡು, ಬಾಗಿದಳು, ಇಲ್ಲಿ, ಅಲ್ಲ, ಇನ್ನೂ ಸ್ವಲ್ಪ ಆ ಕಡೆ, ಅಪ್ಪ ನಿಂತದ್ದು ಎಲ್ಲಿ, ಕೋಲು ತೋರಿಸಿದ್ದು ಯಾವ ಕಡೆಗೆ, ಇಡು ಅಂದೆನಲ್ಲೇ — ಬಿಳಿ ಕಲ್ಲು, ಕೈಯಲ್ಲಿ ಬಿಳಿ ಕಲ್ಲು, ಬಿಳಿ ಕಲ್ಲು